ಗುಂಯ್‌ಗುಡುವ ಪೆಟ್ಟಿಗೆ

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾದ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಇದೇನ್ರೀ, ಹಳೇ ಸ್ಟೆಬಿಲೈಸರಾ?" ಮುಐದರಿನ ನಮ್ಮ ವಿಲ್ಲಾದ (ವಿಲ್ಲಾ ಎಂದ ಕೂಡಲೇ ಹುಬ್ಬೇರಿಸಬೇಡಿ, ಒಂದು ವಿಲ್ಲಾವನ್ನು ಆರು ಪಾಲು ಮಾಡಿದ್ದರಲ್ಲಿ ನಮ್ಮದೊಂದು ಪಾಲು) ಹಾಲಿನ ಮೂಲೆಯಲ್ಲಿ ಚಪ್ಪಲಿ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಇದೆ. ಮುಂದೆ ನಾಲ್ಕು ತಿರುಗಣೆ, ಹಿಂದೆ ಒಂದು ದಪ್ಪ ವೈರು, ಮೇಲೆ ಜಾಲರಿಯೊಳಗೆ ಎರಡು ಗಾಜಿನ ವಾಲ್ವ್. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದರೆ ಗಾಜಿನೊಳಗೆ ಊದುಬತ್ತಿಯ ತುದಿಯಷ್ಟು ಕೆಂಪು ಬೆಳಕು. ಅದು ನನ್ನ ಬೇಸ್ ಗಿಟಾರಿನ ಟ್ಯೂಬ್ ಪ್ರಿಆಂಪ್. ನನ್ನಾಕೆಯ ಭಾಷೆಯಲ್ಲಿ "ನಿಮ್ಮ ಇಡ್ಲಿ ಪಾತ್ರೆ".

ಅವಳನ್ನು ದೂರುವಂತಿಲ್ಲ. ಎಸಿ ಹಾಕಿದ ಮನೆಯಲ್ಲಿ ಮೊಸರು ಹೆಪ್ಪಾಗುವುದು ಎಷ್ಟು ಕಷ್ಟ ಎಂದು ಕತಾರಿನ ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. ಈ ಪೆಟ್ಟಿಗೆಯ ಬಿಸಿ ಹದವಾಗಿದೆ ಎಂದು ಪತ್ತೆ ಹಚ್ಚಿದ ದಿನದಿಂದ ನಾನು ರಾತ್ರಿ ಅಭ್ಯಾಸಕ್ಕೆ ಕೂತರೆ ಪಕ್ಕದಲ್ಲಿ ಹಾಲಿನ ಪಾತ್ರೆಯೂ ಬಂದು ಕೂರುತ್ತಿತ್ತು!

ಅದನ್ನು ನಾನು ಕೊಂಡದ್ದು 2019ರಲ್ಲಿ, ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಫಿಲಿಪೈನ್ಸ್‌ನ ಗೆಳೆಯನೊಬ್ಬನಿಂದ. ಆತ ಊರಿಗೆ ಗಂಟುಮೂಟೆ ಕಟ್ಟುತ್ತಿದ್ದ. ಗಲ್ಫ್‌ನಲ್ಲಿ ಒಬ್ಬರು ಗಂಟುಮೂಟೆ ಕಟ್ಟಿದರೆ ಇನ್ನೊಬ್ಬರ ಮನೆ ತುಂಬುತ್ತದೆ, ನಿಮಗೆಲ್ಲ ಗೊತ್ತಿರುವುದೇ. ಸೋಫಾ ಕೊಳ್ಳಲು ಹೋದವನು 600 ರಿಯಾಲ್ ಕೊಟ್ಟು ಈ ಪೆಟ್ಟಿಗೆ ಹೊತ್ತು ತಂದೆ. ಆತನೇ ಕೈಯಾರೆ ಕಟ್ಟಿದ್ದು. ಕಾರಿನಲ್ಲಿಡುವಾಗ ಆತ ಹೇಳಿದ ಒಂದೇ ಮಾತು, "ಅಣ್ಣಾ, ಇದನ್ನು ಬಿಚ್ಚುವಾಗ ಹುಷಾರು, ಒಳಗೆ 300 ವೋಲ್ಟ್ ಇದೆ."

ಟ್ಯೂಬ್, ವಾಲ್ವ್ ಎಂದರೆ ಈಗಿನ ಮಕ್ಕಳಿಗೆ ಸೈಕಲ್ ನೆನಪಾಗುತ್ತದೆ. ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಒಂದು ತಂತಿಯನ್ನು ಕಾಯಿಸಿದರೆ, ಅದರ ಬಿಸಿಗೆ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬಿದ್ದು ಎದುರಿನ ತಗಡಿನತ್ತ ಓಡುತ್ತವೆ. ನಡುವೆ ಒಂದು ಸಣ್ಣ ಜಾಲರಿ. ಗಿಟಾರಿನಿಂದ ಬರುವ ಬಡಕಲು ಸಂಕೇತವನ್ನು ಆ ಜಾಲರಿಗೆ ಕೊಟ್ಟರೆ, ಗದ್ದೆಯ ತೂಬಿಗೆ ಹಲಗೆ ಹಾಕಿ ತೆಗೆದಂತೆ ದೊಡ್ಡ ಪ್ರವಾಹ ಅದರ ಮಾತು ಕೇಳುತ್ತದೆ. ಅಷ್ಟೇ. ಟ್ರಾನ್ಸಿಸ್ಟರ್ ಬಂದ ಮೇಲೆ ಜಗತ್ತು ಇದನ್ನು ಮರೆಯಿತು, ಗಿಟಾರಿನವರು ಮಾತ್ರ ಬಿಡಲಿಲ್ಲ. ಜೋರಾಗಿ ನುಡಿಸಿದಾಗ ವಾಲ್ವ್ ಸ್ವರವನ್ನು ಥಟ್ಟನೆ ಕತ್ತರಿಸುವುದಿಲ್ಲ, ಮೆಲ್ಲಗೆ ಒತ್ತಿ ದುಂಡಗೆ ಮಾಡುತ್ತದೆ. ಕಿವಿಗೆ ಅದು ಹಿತ. ಅಮೆರಿಕದ ಅಲೆಂಬಿಕ್ ಕಂಪನಿ 1970ರ ದಶಕದಲ್ಲಿ ಹೊರತಂದ ಎಫ್-2ಬಿ ಎಂಬ ವಾಲ್ವ್ ಪ್ರಿಆಂಪನ್ನು ಬೇಸ್ ನುಡಿಸುವವರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ನನ್ನದು ಅದಲ್ಲ ಬಿಡಿ, ಅದರ ಬಡ ನೆಂಟ.

ವಾಲ್ವ್ ನನಗೆ ಹೊಸದೇನೂ ಆಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದೇ ಮೈಕ್ ಸೆಟ್ ಅಂಗಡಿಯಲ್ಲಿ. ಸಾಗರದಲ್ಲಿ ಅಪ್ಪಯ್ಯ 1968ರಲ್ಲಿ ಶುರುಮಾಡಿದ ಅಂಗಡಿ ಅದು. ಮದುವೆ, ಗಣಪತಿ ಹಬ್ಬ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಚಳಿಗಾಲವೆಲ್ಲ ಯಕ್ಷಗಾನ. ರಂಗಸ್ಥಳದ ಮೇಲಿಂದ ಇಳಿಬಿಟ್ಟ ಎರಡು ಮೈಕು, ಭಾಗವತರಿಗೆ ಒಂದು, ಅಡಿಕೆ ಮರಕ್ಕೆ ಕಟ್ಟಿದ ಎರಡು ಹಾರ್ನು. ಆಂಪ್ಲಿಫೈಯರಿನ ಹಿಂದೆ ಬೆಳಗುವ ವಾಲ್ವುಗಳ ಬೆಚ್ಚನೆಯ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿ ನಾನು ಎಷ್ಟೋ ಪ್ರಸಂಗಗಳನ್ನು ನಿದ್ದೆಯಲ್ಲೇ "ನೋಡಿದ್ದೇನೆ". ಪಕ್ಕದಲ್ಲೇ ಲಿಂಗನಮಕ್ಕಿ, ಶರಾವತಿಯ ಕರೆಂಟು ಊರೂರಿಗೆ ಹೋಗುತ್ತಿತ್ತು, ನಮ್ಮ ಹಳ್ಳಿಗಳಲ್ಲಿ ಮಾತ್ರ ವೋಲ್ಟೇಜ್ ಇಳಿದು ಬಲ್ಬು ಹಳದಿಯಾಗುತ್ತಿತ್ತು. ಆಗ ಅಪ್ಪಯ್ಯನ ಗೊಣಗಾಟ ಶುರು.

ಆ ಹಾರ್ನುಗಳ ಬಗ್ಗೆ ಒಂದು ಮಾತು. ಹಾರ್ನಿನಲ್ಲಿ ಕೂಗು ಮೈಲಿಗಟ್ಟಲೆ ಹೋಗುತ್ತದೆ, ಆದರೆ ತಗ್ಗಿನ ಸ್ವರ ಬರುವುದೇ ಇಲ್ಲ. ಸುಮಾರು 300 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಸೋರಿಹೋಗುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ ನುಡಿಯುವುದು 41 ಹರ್ಟ್ಸ್‌ನಲ್ಲಿ! 1981ರಲ್ಲಿ ಬಂದ ಶಂಕರ್ ನಾಗ್ ಅವರ 'ಗೀತಾ' ಚಿತ್ರದ ಹಾಡುಗಳು ನಮ್ಮ ಅಂಗಡಿಯಲ್ಲಿ ಎಷ್ಟು ಸಲ ಮೊಳಗಿವೆಯೋ ಲೆಕ್ಕವಿಲ್ಲ. ಹತ್ತು ವರ್ಷದ ನಂತರ ಶಿವಮೊಗ್ಗದ ಹಾಸ್ಟೆಲಿನಲ್ಲಿ ಗೆಳೆಯನ ವಾಕ್‌ಮನ್‌ನಲ್ಲಿ ಅದೇ ಹಾಡುಗಳನ್ನು ಕೇಳಿದಾಗ ನಾನು ತಬ್ಬಿಬ್ಬಾದೆ. ಹಾಡಿನ ಅಡಿಯಲ್ಲಿ ಯಾರೋ ನಡೆದಾಡುತ್ತಿದ್ದರು! ಇಳಯರಾಜಾ ಅವರ ಸಂಗೀತದಲ್ಲಿ ಬೇಸ್ ಗಿಟಾರ್ ಹೀಗೆ ಓಡಾಡುತ್ತದೆ ಎಂಬುದು ಮೈಕ್ ಸೆಟ್ ಅಂಗಡಿಯ ಮಗನಿಗೆ ಹದಿನೇಳನೆಯ ವಯಸ್ಸಿನವರೆಗೆ ಗೊತ್ತೇ ಇರಲಿಲ್ಲ. ಬೇಸ್ ಗಿಟಾರಿನ ಹುಚ್ಚು ಹತ್ತಿದ್ದು ಆ ರಾತ್ರಿ. ಅಂಗಡಿ ನೋಡಿಕೊಳ್ಳುತ್ತಾನೆ ಎಂದುಕೊಂಡಿದ್ದ ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ, ಅಲ್ಲಿಂದ 2006ರಲ್ಲಿ ಕತಾರಿಗೆ ಹಾರಿದ. ಅಂಗಡಿ ಅದಾದ ಮೇಲೆ ಹೆಚ್ಚು ದಿನ ನಡೆಯಲಿಲ್ಲ. ಈ ವಿಷಯ ನಾನೂ ಅಪ್ಪಯ್ಯನೂ ಕೂತು ಮಾತಾಡಿದವರಲ್ಲ.

ಇರಲಿ, ಪೆಟ್ಟಿಗೆಗೆ ಬರೋಣ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಕೆಲವರು ಜಿಲೇಬಿ ಮಾಡಲು ಕಲಿತರು, ನಾನು ಪೆಟ್ಟಿಗೆ ಬಿಚ್ಚಿದೆ. ಗೆಳೆಯ ಅದನ್ನು ಮಾಮೂಲಿ ಗಿಟಾರಿಗೆಂದು ಕಟ್ಟಿದ್ದ. ಮೊದಲ ವಾಲ್ವಿನ ಕ್ಯಾಥೋಡಿನಲ್ಲಿ 2.7 ಕಿಲೋ ಓಮ್ ರೆಸಿಸ್ಟರ್, ಅದಕ್ಕೆ ಜೋಡಿಯಾಗಿ 0.68 ಮೈಕ್ರೋಫ್ಯಾರಡ್ ಕೆಪಾಸಿಟರ್. ಗಿಟಾರಿಗೆ ಇದು ಸರಿ, ಸ್ವರ ಚುರುಕಾಗುತ್ತದೆ. ಆದರೆ ಲೆಕ್ಕ ಹಾಕಿದರೆ ಸುಮಾರು 90 ಹರ್ಟ್ಸ್‌ಗಿಂತ ಕೆಳಗೆ ವರ್ಧನೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಂದರೆ ಬೇಸ್‌ನ ಕೆಳಗಿನ ಎರಡು ತಂತಿಗಳಿಗೆ ಅರೆಹೊಟ್ಟೆ ಊಟ! 0.68 ತೆಗೆದು 22 ಮೈಕ್ರೋಫ್ಯಾರಡ್ ಹಾಕಿದೆ. ಅಂದು ರಾತ್ರಿ ದಪ್ಪ ತಂತಿ ಮೀಟಿದಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಝಣಝಣ ಎಂದವು. ಮೇಲಿನ ಭಾಗದ ಮಲಯಾಳಿ ಕುಟುಂಬದವರು ಫೋನ್ ಮಾಡಿ ಭೂಕಂಪವೇ ಎಂದು ವಿಚಾರಿಸಿದರು.

ಇನ್ನೊಂದು ಗುಟ್ಟು ಗೊತ್ತಾಯಿತು. ಈ ಬಗೆಯ ಹಳೆಯ ಫೆಂಡರ್ ಶೈಲಿಯ ಟೋನ್ ಸರ್ಕ್ಯೂಟಿನಲ್ಲಿ ಬೇಸ್, ಮಿಡ್ಲ್, ಟ್ರೆಬಲ್ ಮೂರನ್ನೂ ನಡುವೆ ಇಟ್ಟರೆ ಸಮ ಎಂದುಕೊಳ್ಳುತ್ತೇವೆ. ಅಲ್ಲ. ಮಧ್ಯದ ಸ್ವರಗಳೆಲ್ಲ ಹಳ್ಳಕ್ಕೆ ಬಿದ್ದಿರುತ್ತವೆ. ಬೇಸ್ ಮತ್ತು ಟ್ರೆಬಲ್ ಎರಡನ್ನೂ ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿ ಮಿಡ್ಲ್ ಪೂರ್ತಿ ಏರಿಸಿದಾಗಲೇ ಅದು ಸಮಕ್ಕೆ ಹತ್ತಿರ. ವರ್ಷಗಟ್ಟಲೆ ವೇದಿಕೆಯ ಮೇಲೆ ನನ್ನ ನುಡಿಸಾಣಿಕೆ ಯಾರಿಗೂ ಕೇಳಿಸುತ್ತಿರಲಿಲ್ಲ ಏಕೆ ಎಂಬುದು ಆಗ ತಿಳಿಯಿತು. (ಕೇಳಿಸದಿದ್ದುದೇ ಒಳ್ಳೆಯದಾಯಿತು ಎನ್ನುವವರೂ ನಮ್ಮ ತಂಡದಲ್ಲಿದ್ದಾರೆ.)

ಎಲ್ಲ ಸರಿಹೋಯಿತು, ಒಂದು ಬಿಟ್ಟು. ತಗ್ಗಿನ ಸ್ವರಕ್ಕೆ ಬಾಗಿಲು ತೆರೆದ ಕೂಡಲೇ ಕರೆಂಟಿನ 'ಗುಂಯ್' ಸದ್ದೂ ಒಳಗೆ ಬಂತು. ಕತಾರಿನಲ್ಲೂ ನಮ್ಮೂರಿನಲ್ಲಿದ್ದಂತೆ ಕರೆಂಟು 50 ಹರ್ಟ್ಸ್. ದಪ್ಪ ತಂತಿಯ ಮೂರನೆಯ ಮನೆಯ ಸ್ವರ, ಪಾಶ್ಚಾತ್ಯರು ಜಿ ಎನ್ನುವುದು, 49 ಹರ್ಟ್ಸ್. ಹಾಗಾಗಿ ಆ ಸ್ವರ ನುಡಿಸಿದಾಗಲೆಲ್ಲ ಪೆಟ್ಟಿಗೆಯೂ ತುಸು ಶ್ರುತಿ ತಪ್ಪಿ ಜೊತೆಗೆ ಹಾಡುತ್ತಿತ್ತು! ಗೆಳೆಯರ ಮನೆಯಲ್ಲಿ ರಾಜ್ಯೋತ್ಸವದ ತಾಲೀಮು ನಡೆಯುವಾಗ ದೊಡ್ಡ ಸ್ಪೀಕರಿಗೆ ಜೋಡಿಸಿದರೆ ಕೇಳುವುದೇ ಬೇಡ. "ಅರ್ತ್ ವೈರ್ ಕಿತ್ತುಹಾಕಿ, ನಿಲ್ಲುತ್ತದೆ" ಎಂದು ಯಾರೋ ಹೇಳಿದರು. ಪ್ಲಗ್ ಬಿಚ್ಚಿ ಹಸಿರು-ಹಳದಿ ವೈರನ್ನು ಕತ್ತರಿಸಿದೆ. ನಿಂತಿತು. ಬೆನ್ನು ತಟ್ಟಿಸಿಕೊಂಡು ಮನೆಗೆ ಬಂದೆ.

2023ರ ಅಕ್ಟೋಬರಿನಲ್ಲಿ ಅಪ್ಪಯ್ಯ ಬಂದರು. ಎಂಬತ್ತು ದಾಟಿದ ಜೀವ. ಚೀಲದಲ್ಲಿ ಅಪ್ಪೆಮಿಡಿ, ಹಲಸಿನ ಹಪ್ಪಳ, ಅದರ ನಡುವೆ ಪಂಚೆಯಲ್ಲಿ ಸುತ್ತಿದ ಬಿಸ್ಕತ್ತಿನ ಡಬ್ಬಿ. "ನೀನು ಫೋನಿನಲ್ಲಿ 12 ಎಎಕ್ಸ್ 7 ಅಂದೆಯಲ್ಲ, ಅದು ನಮ್ಮ ಇಸಿಸಿ 83 ಅಲ್ವನೋ!" ಎಂದು ಡಬ್ಬಿ ತೆರೆದರು. ಹತ್ತಿಯಲ್ಲಿ ಎರಡು ವಾಲ್ವು. ಗಾಜಿನ ಮೇಲೆ ಮಾಸಿದ ಅಕ್ಷರ: ಬಿಇಎಲ್. ಅಮೆರಿಕದವರು 12 ಎಎಕ್ಸ್ 7 ಎನ್ನುವುದನ್ನು ಯುರೋಪಿನವರು ಇಸಿಸಿ 83 ಎನ್ನುತ್ತಾರೆ. ಇ ಎಂದರೆ 6.3 ವೋಲ್ಟ್ ಹೀಟರು, ಎರಡು ಸಿ ಎಂದರೆ ಒಂದೇ ಬುರುಡೆಯಲ್ಲಿ ಎರಡು ಟ್ರಯೋಡು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ವಾಲ್ವ್ ತಯಾರಿಕೆಗೆ ಇಳಿಯಿತು. ನಮ್ಮ ಮನೆಗಳ ರೇಡಿಯೋ, ಊರಿನ ಮೈಕ್ ಸೆಟ್ಟುಗಳಲ್ಲಿ ಬೆಳಗಿದ ವಾಲ್ವುಗಳಲ್ಲಿ ಜಾಲಹಳ್ಳಿಯವು ಎಷ್ಟೋ! ಇಂದು ವಾಲ್ವ್ ಬೇಕೆಂದರೆ ಸ್ಲೊವಾಕಿಯಾ, ರಷ್ಯಾ, ಚೀನಾದ ಕಡೆ ನೋಡಬೇಕು.

ಅಪ್ಪಯ್ಯನ ಕಿವಿ ಮಂದವಾಗಿತ್ತು. ವಯಸ್ಸಾದವರಿಗೆ ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ತ ಎಲ್ಲ ಒಂದೇ ಥರ ಕೇಳಿಸುತ್ತದೆ. ಮೊಮ್ಮಗಳು ಏನೋ ಹೇಳಿದರೆ ಇವರು ಇನ್ನೇನೋ ಉತ್ತರ ಕೊಡುತ್ತಿದ್ದರು, ಅವಳು ನಗುತ್ತಿದ್ದಳು, ಇವರೂ ನಗುತ್ತಿದ್ದರು. ಆದರೆ ನಾನು ಬೇಸ್ ನುಡಿಸಲು ಕೂತರೆ ಪೇಪರ್ ಮಡಿಸಿಟ್ಟು ತಿರುಗಿ ನೋಡುತ್ತಿದ್ದರು. "ಅದು ಕೇಳ್ತದೆ ಮಾರಾಯ" ಎಂದರು ಒಂದು ದಿನ. ತಮ್ಮ ಅಂಗಡಿಯ ಹಾರ್ನಿನಿಂದ ವರ್ಷಗಟ್ಟಲೆ ಹೊರಬರದೇ ಇದ್ದ ಸ್ವರ, ಈಗ ಅವರಿಗೆ ಚೆನ್ನಾಗಿ ಕೇಳುವುದು ಅದೊಂದೇ.

ಒಂದು ಸಂಜೆ ಮಗಳು ನನ್ನ ಗಿಟಾರ್ ಹೆಗಲಿಗೆ ಹಾಕಿಕೊಂಡು ಮೈಕಿನಲ್ಲಿ ಹಾಡುತ್ತಿದ್ದಳು. ಥಟ್ಟನೆ "ಅಯ್ಯೋ" ಎಂದು ಹಿಂದೆ ಸರಿದಳು. "ಏನಿಲ್ಲ ಅಪ್ಪಾ, ತುಟಿಗೆ ಚುರುಕ್ ಅಂತು." ನಾನು ಎಸಿಯ ಒಣ ಗಾಳಿ, ಸ್ಟ್ಯಾಟಿಕ್ ಇರಬೇಕು ಎಂದು ಹೇಳಿ ಸುಮ್ಮನಾದೆ. ಊಟಕ್ಕೆ ಕೂತಾಗ ಅವಳು ಅಜ್ಜನಿಗೆ ಕೈಸನ್ನೆ ಮಾಡಿ ಅದನ್ನೇ ಕತೆಯಂತೆ ಹೇಳಿದಳು. ಅಪ್ಪಯ್ಯ ತುತ್ತು ಬಿಟ್ಟು ಎದ್ದರು. ಕೈ ತೊಳೆಯಲಿಲ್ಲ. ಎಡಗೈಯಲ್ಲೇ ಗೋಡೆಯಿಂದ ಪ್ಲಗ್ ಕಿತ್ತು ನನ್ನ ಮುಂದೆ ಹಿಡಿದರು. "ಬಿಚ್ಚು."

ಬಿಚ್ಚಿದೆ. ಕತ್ತರಿಸಿದ ಹಸಿರು-ಹಳದಿ ವೈರು.

"ಯಾರು ಕಿತ್ತಿದ್ದು?"

"ನಾನೇ ಅಪ್ಪಯ್ಯ. ಗುಂಯ್ ಅಂತಿತ್ತು."

ನಡೆದದ್ದು ಇಷ್ಟು. ಮನೆಯಲ್ಲಿ ಪೆಟ್ಟಿಗೆಯನ್ನು ಜೋಡಿಸುತ್ತಿದ್ದ ಸಣ್ಣ ಸ್ಪೀಕರಿಗೆ ಇದ್ದದ್ದು ಎರಡೇ ಪಿನ್ನು. ಪೆಟ್ಟಿಗೆಯ ಅರ್ತನ್ನು ನಾನು ಕಿತ್ತಿದ್ದೆ. ಟ್ರಾನ್ಸ್‌ಫಾರ್ಮರಿನಿಂದ ಸೋರುವ ಚೂರು ಕರೆಂಟಿಗೆ ಭೂಮಿಗೆ ಇಳಿಯಲು ದಾರಿ ಇರಲಿಲ್ಲ. ಪೆಟ್ಟಿಗೆಯ ಮೈ, ಗಿಟಾರಿನ ತಂತಿ, ಮಗಳ ಕೈ, ಅವಳ ತುಟಿ, ಅಲ್ಲಿಂದ ಅರ್ತ್ ಇರುವ ಮಿಕ್ಸರಿನ ಮೈಕು. ಅವಳೇ ಅರ್ತ್ ವೈರ್ ಆಗಿದ್ದಳು. ಸೋರಿಕೆ ಇದ್ದುದರಿಂದ ಚುರುಕ್ ಎಂದು ಮುಗಿಯಿತು. ಟ್ರಾನ್ಸ್‌ಫಾರ್ಮರಿನ ಒಂದು ಹಳೇ ವೈರಿನ ಸಿಪ್ಪೆ ಸುಲಿದು ಮೈಗೆ ತಾಗಿದ್ದರೆ 240 ವೋಲ್ಟ್.

ಅಪ್ಪಯ್ಯ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ತುಂಬ ಹೊತ್ತಿನ ಮೇಲೆ ನಮ್ಮ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಹೆಸರು ಹೇಳಿದರು. ನಾನು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅವನ ಬಲಗೈಯ ಎರಡು ಬೆರಳು ಸೊಟ್ಟಗಿದ್ದವು. ಹುಟ್ಟಿನಿಂದಲೇ ಹಾಗೆ ಎಂದು ತಿಳಿದಿದ್ದೆ. "ಗಣಪತಿ ಪೆಂಡಾಲು. ಮಳೆ. ಆಂಪ್ಲಿ ಗುಂಯ್ ಅಂತಿತ್ತು, ಭಾಷಣ ಮಾಡೋರು ಬಂದು ಕೂತಿದ್ರು. ನಾನೇ ಅರ್ತ್ ಕಿತ್ತೆ. ಅವ ಒದ್ದೆ ನೆಲದಲ್ಲಿ ನಿಂತು ಮೈಕ್ ಸ್ಟ್ಯಾಂಡ್ ಹಿಡಿದ. ಬಿಡಿಸ್ಲಿಕ್ಕೆ ಆಗ್ಲಿಲ್ಲ. ಮೇನ್ ಸ್ವಿಚ್ ಕಿತ್ತು ಹಾಕೋವರೆಗೂ..." ಮುಂದೆ ಹೇಳಲಿಲ್ಲ. ಅವನು ಬದುಕಿಕೊಂಡ, ನಮ್ಮಲ್ಲೇ ಕೆಲಸ ಮಾಡಿದ, ನನ್ನನ್ನು ಸೈಕಲ್ ಮೇಲೆ ಶಾಲೆಗೆ ಬಿಟ್ಟ. ಅವನ ಮದುವೆಯ ಖರ್ಚೆಲ್ಲ ಅಪ್ಪಯ್ಯನೇ ಹಾಕಿದ್ದು ಏಕೆ ಎಂದು ಅಮ್ಮ ಕೂಡ ನನಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯಾದ ಕೂಡಲೇ "ಏ ಅಪ್ಪಿ, ಐರನ್ ಕಾಯಿಸು" ಎಂದು ಅಪ್ಪಣೆಯಾಯಿತು. ಮೊದಲು ಹೊಸ ವೈರು ಹಾಕಿ ಅರ್ತನ್ನು ಪೆಟ್ಟಿಗೆಯ ಮೈಗೆ ಬೋಲ್ಟಿನಿಂದ ಬಿಗಿದೆವು. "ಗುಂಯ್ ಬಂದ್ರೆ ಗುಂಯ್‌ನ ಹುಡುಕಬೇಕು, ಅರ್ತ್ ಕೀಳೋದಲ್ಲ." ಆಮೇಲೆ ಹುಡುಕಾಟ. ಪ್ರತಿ ಸಲ ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತು, ದೊಡ್ಡ ಕಂಡೆನ್ಸರಿನಲ್ಲಿ (ಅವರಿಗೆ ಅದು ಕೆಪಾಸಿಟರ್ ಅಲ್ಲ) ಉಳಿದ ಕರೆಂಟನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕಬೇಕು. ಸ್ವಿಚ್ ಹಾಕಿ ಅಳೆಯಲೇಬೇಕಾದಾಗ ಒಂದು ಕೈ ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸಿಗುವುದು ಗುಂಡಿಗೆ. ಲುಂಗಿಗೆ ಜೇಬಿಲ್ಲದ್ದರಿಂದ ಅಪ್ಪಯ್ಯ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಸಣ್ಣವನಿದ್ದಾಗ ಅವರು ಅಂಗಡಿಯಲ್ಲಿ ಹಾಗೆ ನಿಲ್ಲುವುದನ್ನು ನೋಡಿ ಗತ್ತು ಎಂದುಕೊಂಡಿದ್ದೆ. ಮೊಸರಿನ ಪಾತ್ರೆಗೆ ಅಂದೇ ಗಡೀಪಾರು. "ಹಾಲು ಉಕ್ಕಿ ಚೆಲ್ಲಿದ್ರೆ?" ಎಂದು ಮಾವ ಕೇಳಿದಾಗ ನನ್ನಾಕೆ ಮರುಮಾತಾಡದೆ ಎತ್ತಿಕೊಂಡು ಹೋದಳು.

ಮೊದಲ ವಾಲ್ವ್ ಕಿತ್ತು ನೋಡಿದರು, ಗುಂಯ್ ಕಡಿಮೆಯಾಯಿತು. ಅಂದರೆ ಕಳ್ಳ ಮೊದಲ ಮನೆಯಲ್ಲೇ ಇದ್ದಾನೆ. ಸ್ಪೀಕರಿನ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತು "ಈಗ... ಈಗ ಇಲ್ಲ... ಈಗ ಬಂತು" ಎಂದು ಹೇಳುತ್ತಿದ್ದರು. ನನ್ನ ಕಿವಿಗೆ ಗೊತ್ತಾಗದ ವ್ಯತ್ಯಾಸ ಅವರ ಅಂಗೈಗೆ ಗೊತ್ತಾಗುತ್ತಿತ್ತು. ಹೀಟರಿನ ಎರಡು ವೈರುಗಳು ಸಡಿಲವಾಗಿ, ಗಿಟಾರಿನ ಸಂಕೇತದ ವೈರಿನ ಪಕ್ಕದಲ್ಲೇ ಹಾದುಹೋಗಿದ್ದವು. ಅವನ್ನು ಹಗ್ಗದಂತೆ ಬಿಗಿಯಾಗಿ ಹುರಿ ಮಾಡಿ ಮೂಲೆಗೆ ಒತ್ತಿದೆವು. ಹುರಿ ಮಾಡಿದಾಗ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಎರಡರಿಂದಲೂ ನೂರು ಓಮಿನ ಒಂದೊಂದು ರೆಸಿಸ್ಟರ್ ಅರ್ತಿಗೆ. ಅಲ್ಲಲ್ಲಿ ಮನಬಂದಂತೆ ಮೈಗೆ ಬೆಸೆದಿದ್ದ ಗ್ರೌಂಡ್ ವೈರುಗಳನ್ನೆಲ್ಲ ಬಿಡಿಸಿ ಒಂದೇ ಬಿಂದುವಿಗೆ ತಂದೆವು. ದೊಡ್ಡ ಸ್ಪೀಕರಿನ ಜೊತೆ ಬರುತ್ತಿದ್ದ ಗುಂಯ್‌ಗೆ ಬೇರೆ ಮದ್ದು: ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು, ನಡುವೆ ಸಂಕೇತ ಮಾತ್ರ ದಾಟಿಸುವ ಒಂದು ಸಣ್ಣ ಐಸೋಲೇಶನ್ ಟ್ರಾನ್ಸ್‌ಫಾರ್ಮರ್. ಎರಡು ದಿನದ ಕೆಲಸ. ಖರ್ಚು ಹೆಚ್ಚೆಂದರೆ ನೂರು ರಿಯಾಲ್.

ಕೊನೆಗೆ ಬಿಸ್ಕತ್ತಿನ ಡಬ್ಬಿಯ ವಾಲ್ವು. ನಾನು ಆಸೆಯಿಂದ ಮೊದಲ ಸ್ಥಾನಕ್ಕೇ ಒಂದನ್ನು ಹಾಕಿದೆ. ಅಪ್ಪಯ್ಯ ಪೆನ್ಸಿಲಿನಿಂದ ಗಾಜನ್ನು ಮೆಲ್ಲಗೆ ತಟ್ಟಿದರು. ಸ್ಪೀಕರಿನಲ್ಲಿ ಟಿಂಗ್ ಎಂದು ಗಂಟೆ ಹೊಡೆದ ಸದ್ದು. ಹಳತಾಗಿ ಒಳಗಿನ ಜೋಡಣೆ ಸಡಿಲಾದ ವಾಲ್ವು ಮೈಕಿನಂತೆ ವರ್ತಿಸುತ್ತದೆ. "ಮೊದಲನೇ ಮನೆಗೆ ಇದು ಬೇಡ. ಅಲ್ಲಿನ ಸಣ್ಣ ಸದ್ದನ್ನೂ ಮುಂದಿನವರೆಲ್ಲ ದೊಡ್ಡದು ಮಾಡ್ತಾರೆ." ಮೊದಲ ಸ್ಥಾನಕ್ಕೆ ಸ್ಲೊವಾಕಿಯಾದ ಹೊಸ ವಾಲ್ವು, ಎರಡನೆಯದಕ್ಕೆ ಜಾಲಹಳ್ಳಿಯದು. ನನಗೆ ಬೇಸರವಾಯಿತು, ಅವರಿಗೆ ಏನೂ ಅನ್ನಿಸಲಿಲ್ಲ.

ಆ ವರ್ಷದ ರಾಜ್ಯೋತ್ಸವದಲ್ಲಿ ಮಗಳು ಹಾಡಿದಳು, ನಾನು ಹಿಂದೆ ನಿಂತು ನುಡಿಸಿದೆ. ಅಪ್ಪಯ್ಯ ಮುಂದಿನ ಸಾಲಿನ ಅತಿಥಿಗಳ ಕುರ್ಚಿ ಬೇಡವೆಂದು ಸ್ಪೀಕರಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಅದರ ಮೇಲೆ ಕೈಯಿಟ್ಟು ಕೂತಿದ್ದರು. ಕಾರ್ಯಕ್ರಮಕ್ಕೆ ಮೊದಲು ವೇದಿಕೆಯ ಪ್ರತಿಯೊಂದು ಪ್ಲಗ್ಗನ್ನೂ ಟೆಸ್ಟರ್ ಹಿಡಿದು ನೋಡಿದ್ದ "ಆ ಪಂಚೆಯ ಅಜ್ಜ ಯಾರು" ಎಂದು ಆಮೇಲೆ ಹಲವರು ಕೇಳಿದರು. ಅವರೇ ಇವರು.

ಈಗ ಅಪ್ಪಯ್ಯ ಊರಿನಲ್ಲಿದ್ದಾರೆ. ಶುಕ್ರವಾರ ಫೋನ್ ಮಾಡಿದಾಗ "ಪೆಟ್ಟಿಗೆ ಹ್ಯಾಗಿದೆ?" ಎನ್ನುತ್ತಾರೆ. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ದಪ್ಪ ತಂತಿ ಮೀಟುತ್ತೇನೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ 41 ಹರ್ಟ್ಸ್ ಬರುವುದಿಲ್ಲ, ಹಾರ್ನಿನ ಹಣೆಬರಹವೇ ಅದಕ್ಕೂ. ಇಬ್ಬರಿಗೂ ಗೊತ್ತು. "ಬಂತು, ಬಂತು" ಎನ್ನುತ್ತಾರೆ.

ಡಬ್ಬಿಯಲ್ಲಿ ಇನ್ನೊಂದು ವಾಲ್ವ್ ಉಳಿದಿದೆ, ಅದು ಎಷ್ಟು ದಿನ ಬರುತ್ತದೋ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜನ ಕಾಲದ ರೇಡಿಯೋ, ಗ್ರಾಮಫೋನ್ ಆಂಪ್ಲಿಫೈಯರ್ ಇದ್ದರೆ ಗುಜರಿಗೆ ಹಾಕುವ ಮುನ್ನ ಹಿಂದಿನ ರಟ್ಟು ತೆಗೆದು ನೋಡಿ. ಗಾಜಿನ ಮೇಲೆ ಇಸಿಸಿ 83 ಎಂದಿದ್ದರೆ ಹತ್ತಿಯಲ್ಲಿ ಸುತ್ತಿ ತನ್ನಿ. ಮುಐದರಿನಲ್ಲಿ ನಮ್ಮ ಮನೆ ಹುಡುಕುವುದು ಕಷ್ಟವಲ್ಲ, ಸಂಜೆ ಏಳರ ಮೇಲೆ ಸ್ಟೀಲ್ ಡಬ್ಬಿಗಳು ಝಣಝಣ ಎನ್ನುವ ಮನೆ. ಬರುವಾಗ ಒಂದು ಲೋಟ ಮೊಸರೂ ತಂದರೆ ನನ್ನಾಕೆ ಬೇಡವೆನ್ನುವುದಿಲ್ಲ.